ಅಂಗೈಯಲ್ಲಿ ಮುಚ್ಚಿಟ್ಟ ಅಂಕಿ

ನಮ್ಮಪ್ಪ ಹಡಗು ತೂಗುತ್ತಿದ್ದ. ಹೀಗೆಂದರೆ ಜನ ನಗುತ್ತಾರೆ. ಚಿಕ್ಕವಳಿದ್ದಾಗ ಶಾಲೆಯಲ್ಲೂ ನಕ್ಕಿದ್ದರು, ನಾನು ಇಬ್ಬರ ಜಡೆ ಎಳೆದು ಬಂದಿದ್ದೆ. ಆದರೆ ಮಾತು ಸುಳ್ಳಲ್ಲ. ಮುರ್ಮುಗಾಂವ್ ಬಂದರಿನಲ್ಲಿ ಅದಿರು ತುಂಬಿಕೊಂಡು ನಿಂತ ಹಡಗನ್ನು ಏರಿಸುವಂಥ ತಕ್ಕಡಿ ಎಲ್ಲೂ ಇಲ್ಲ. ಅದು ನೀರಿನಲ್ಲಿ ಎಷ್ಟು ಮುಳುಗಿದೆ ಎಂದು ನೋಡಬೇಕು. ಅದಕ್ಕೆಂದೇ ಹಡಗಿನ ಮೈಮೇಲೆ ಮುಂದೆ, ನಡುವೆ, ಹಿಂದೆ ಕೆಳಗಿನಿಂದ ಮೇಲಕ್ಕೆ ಅಂಕಿಗಳನ್ನು ಬರೆದಿರುತ್ತಾರೆ. ಸಣ್ಣ ಲಾಂಚಿನಲ್ಲಿ ಹತ್ತಿರ ಹೋಗಿ, ನೀರು ಯಾವ ಅಂಕಿಯನ್ನು ಮುಟ್ಟಿದೆ ಎಂದು ಓದಿಕೊಂಡು ಬಂದರೆ ಒಳಗಿನ ಭಾರ ಎಷ್ಟೆಂದು ಹೇಳಬಹುದು. ಬಂದರಿನವರು ಇದಕ್ಕೆ ಡ್ರಾಫ್ಟು ನೋಡುವುದು ಎನ್ನುತ್ತಾರೆ.

ಅಪ್ಪ ವಿಜಯಪುರದ ಕಡೆಯಿಂದ ಕೂಲಿಗೆ ಬಂದವನು. ಮೊದಲು ಜೆಟ್ಟಿಯ ಮೇಲೆ ಚೆಲ್ಲಿದ ಅದಿರನ್ನು ಸಲಿಕೆಯಿಂದ ಎತ್ತುತ್ತಿದ್ದ, ಆಮೇಲೆ ಲಾಂಚಿನ ಹಗ್ಗ ಹಿಡಿಯುವ ಕೆಲಸ ಸಿಕ್ಕಿತು. ಅಳತೆ ಮಾಡಲು ಬರುತ್ತಿದ್ದ ಸರ್ವೇಯರ್ ಸಾಹೇಬರು ವಯಸ್ಸಾದವರು. ಇವನ ಕಣ್ಣು ಚುರುಕು ಎಂದು ಅವರಿಗೆ ಒಂದೇ ವಾರದಲ್ಲಿ ಗೊತ್ತಾಯಿತು. ಅಲೆ ಸುಮ್ಮನಿರುವುದಿಲ್ಲ, ಅಂಕಿಯನ್ನು ಒಮ್ಮೆ ಮುಚ್ಚುತ್ತದೆ, ಒಮ್ಮೆ ತೆರೆಯುತ್ತದೆ. ಬಹಳ ಹೊತ್ತು ನೋಡಿ, ಏರಿದ್ದೆಷ್ಟು, ಇಳಿದದ್ದೆಷ್ಟು ಎಂದು ಮನಸ್ಸಿನಲ್ಲಿಟ್ಟುಕೊಂಡು ನಡುವಿನದನ್ನು ಹಿಡಿಯಬೇಕು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದ ಅಪ್ಪನಿಗೆ ಇದು ಲೀಲಾಜಾಲವಾಗಿ ಬರುತ್ತಿತ್ತು. ಹೆಸರಿಗೆ ಹಗ್ಗದವನು, ಖರೇ ಕೆಲಸ ಅಂಕಿ ನೋಡುವುದು.

ಅವರಿಬ್ಬರ ನಡುವೆ ಒಂದು ಕಟ್ಟಳೆ ಇತ್ತು. ಇಬ್ಬರೂ ಬೇರೆ ಬೇರೆ ನೋಡಬೇಕು. ನೋಡಿದ ಅಂಕಿಯನ್ನು ಬಾಲ್‌ಪೆನ್ನಿನಿಂದ ತಮ್ಮ ತಮ್ಮ ಅಂಗೈ ಮೇಲೆ ಬರೆದು ಮುಷ್ಟಿ ಮುಚ್ಚಬೇಕು. ಇಬ್ಬರದೂ ಮುಗಿದ ಮೇಲೆ ಒಟ್ಟಿಗೇ ತೆರೆಯಬೇಕು. ಎರಡೂ ಕೂಡಿದರೆ ಕಾಗದಕ್ಕೆ ಇಳಿಸುವುದು, ಕೂಡದಿದ್ದರೆ ಇನ್ನೊಮ್ಮೆ ನೋಡುವುದು. ಅಲ್ಲಿಯವರೆಗೆ ಬಾಯಿ ಬಿಡುವಂತಿಲ್ಲ.

ಈ ಕಟ್ಟಳೆಯನ್ನು ಅಪ್ಪ ಮನೆಗೂ ತಂದ. ಆಗ ನಮ್ಮ ಮನೆ ವಾಸ್ಕೋದ ಬಾಯ್ನಾದಲ್ಲಿ, ಮರಳಿನ ಅಂಚಿಗೇ ಇತ್ತು. ಸಂತೆಯಿಂದ ತಂದ ಕುಂಬಳಕಾಯಿ ಎಷ್ಟು ಭಾರ, ಭರತ ಬಂದಾಗ ನೀರು ಕಂಬದ ಎಷ್ಟನೇ ಗೇಣಿಗೆ ಏರುತ್ತದೆ, ಅವ್ವ ಬೀಚಿನಲ್ಲಿ ಮಾರಲು ಒಯ್ಯುವ ಗಂಟಿನಲ್ಲಿ ಮಣಿಸರ ಎಷ್ಟಿವೆ, ಎಲ್ಲದಕ್ಕೂ ಅಂಗೈ, ಪೆನ್ನು, ಮುಷ್ಟಿ. ಅವ್ವನಿಗೆ ಬರೆಯಲು ಬರುತ್ತಿರಲಿಲ್ಲ, ಗೆರೆ ಎಳೆಯುತ್ತಿದ್ದಳು. ಹೆಚ್ಚಿನ ಸಲ ಗೆಲ್ಲುತ್ತಿದ್ದವಳೂ ಅವಳೇ. ಇನ್ನೊಬ್ಬರ ಮುಷ್ಟಿಯಲ್ಲಿ ಇಣುಕಿದವರು ಅವತ್ತಿನ ಪಾತ್ರೆ ತಿಕ್ಕಬೇಕು. ನಾನು ತಿಕ್ಕಿದ ಪಾತ್ರೆಗಳಿಗೆ ಲೆಕ್ಕವಿಲ್ಲ.

ಸರ್ಕಾರದವರು ಬಾಯ್ನಾದ ಮನೆಗಳನ್ನು ಕೆಡವಿದ ಮೇಲೆ ನಾವು ವಾಸ್ಕೋದಲ್ಲೇ ಒಂದು ಚಾಳಿಗೆ ಬಂದೆವು. ಆಟ ಅಲ್ಲಿಗೂ ಬಂತು. ನಾನು ಹೈಸ್ಕೂಲಿನಲ್ಲಿದ್ದಾಗ ಒಂದು ಮಳೆಗಾಲದ ಹೊತ್ತಿಗೆ ಅದು ನಿಂತುಹೋಯಿತು. ಅಪ್ಪ ಲಾಂಚು ಬಿಟ್ಟು ಮತ್ತೆ ಸಲಿಕೆಗೆ ಹೋಗತೊಡಗಿದ. ಮೊಣಕಾಲು ನೋವು, ಲಾಂಚು ಹತ್ತಿ ಇಳಿಯಲು ಆಗುವುದಿಲ್ಲ ಎಂದ. ಸಲಿಕೆ ಎತ್ತಲು ಮೊಣಕಾಲು ಬೇಡವೇ ಎಂದು ಕೇಳುವ ಬುದ್ಧಿ ನಮಗಾರಿಗೂ ಬರಲಿಲ್ಲ. ಅಂದಿನಿಂದ ಅವನು ಯಾವ ಅಂಕಿಯನ್ನೂ ಓದಲಿಲ್ಲ. ಬಸ್ಸಿನ ನಂಬರು, ಅಂಗಡಿಯ ತಕ್ಕಡಿ, ಡಾಕ್ಟರು ಜ್ವರ ನೋಡಿದ ಕಾಗದ, ಏನೇ ಇರಲಿ, ‘ನೀ ನೋಡು’ ಎಂದು ನನ್ನ ಕಡೆ ಸರಿಸುತ್ತಿದ್ದ. ಕಣ್ಣು ಮಂಜಾಗಿರಬೇಕೆಂದು ಅವ್ವ ಕರೆದೊಯ್ದು ಕನ್ನಡಕ ಮಾಡಿಸಿದಳು. ಅದು ಇವತ್ತಿಗೂ ಡಬ್ಬಿಯಲ್ಲೇ ಇದೆ.

ನಾನು ಈಗ ಮಾಡುವ ಕೆಲಸವೂ ಹೆಚ್ಚೂಕಡಿಮೆ ಅಪ್ಪ ಮಾಡುತ್ತಿದ್ದದ್ದೇ. ಅಳೆಯುವ ವಸ್ತು ಮಾತ್ರ ತುಸು ದೊಡ್ಡದು. ವಿಶ್ವ ಹಿಗ್ಗುತ್ತಿದೆ. ಎಷ್ಟು ಬೇಗ ಹಿಗ್ಗುತ್ತಿದೆ, ಹಿಂದೊಮ್ಮೆ ಎಷ್ಟು ಬೇಗ ಹಿಗ್ಗುತ್ತಿತ್ತು ಎನ್ನುವುದು ಪ್ರಶ್ನೆ. ಚಾಳಿನಲ್ಲಿ ಬೆಳೆದ ಹುಡುಗಿಗೆ ಇಂಥ ಪ್ರಶ್ನೆಯ ಹತ್ತಿರ ಹೋಗಲು ಅಂಜಿಕೆ ಆಗಲಿಲ್ಲವೇ ಎಂದು ಕೆಲವರು ಕೇಳಿದ್ದಾರೆ. ಆಗಲಿಲ್ಲ. ಹಡಗು ತೂಗುವವನ ಮಗಳಿಗೆ ಇದೂ ಆದೀತು ಎಂದುಕೊಂಡೆ, ಆಯಿತು ಕೂಡ.

ಇದನ್ನು ಅಳೆಯುವ ಬಗೆ ಕೇಳಲು ಸುಲಭ. ಒಂದು ದೀಪ ನಿಜಕ್ಕೂ ಎಷ್ಟು ಪ್ರಖರ ಎಂದು ಗೊತ್ತಿದ್ದರೆ, ನಮಗೆ ಎಷ್ಟು ಮಂಕಾಗಿ ಕಾಣುತ್ತಿದೆ ಎನ್ನುವುದರಿಂದ ಅದರ ದೂರ ಹೇಳಬಹುದು. ಆ ಬೆಳಕು ದಾರಿಯಲ್ಲಿ ಎಷ್ಟು ಹಿಗ್ಗಿ ಕೆಂಪಾಗಿದೆ ಎನ್ನುವುದರಿಂದ, ಅದು ಹೊರಟ ಮೇಲೆ ವಿಶ್ವ ಎಷ್ಟು ಹಿಗ್ಗಿದೆ ಎಂದು ಹೇಳಬಹುದು. ಇಂಥ ಹಲವು ದೀಪಗಳ ದೂರವನ್ನೂ ಹಿಗ್ಗನ್ನೂ ಒಂದೇ ನಕ್ಷೆಯಲ್ಲಿ ಇಟ್ಟರೆ ಹಿಗ್ಗಿದ ಕತೆ ಒಂದು ಗೆರೆಯಾಗಿ ಕಾಣುತ್ತದೆ. ಸಿಡಿದು ಸಾಯುವ ಒಂದು ಜಾತಿಯ ನಕ್ಷತ್ರಗಳನ್ನು ದೀಪ ಮಾಡಿಕೊಂಡು ನಮ್ಮ ವಿಷಯದ ಹಿರಿಯರು ಆ ಗೆರೆ ಎಳೆದಿದ್ದಾರೆ. ಆದರೆ ಬಹಳ ದೂರ ಹೋದರೆ ಆ ದೀಪಗಳೂ ಕಾಣುವುದಿಲ್ಲ. ಅದಕ್ಕಿಂತ ಆಚೆಗೂ ಕಾಣುವುದು ಗಾಮಾ ಕಿರಣಗಳ ಸ್ಫೋಟ. ದೈತ್ಯ ನಕ್ಷತ್ರವೊಂದು ಕುಸಿಯುವಾಗ ಕೆಲವೇ ಸೆಕೆಂಡು, ಹೆಚ್ಚೆಂದರೆ ಕೆಲವು ನಿಮಿಷ ಹೊಳೆದು ಆರುತ್ತದೆ. ಗಾಮಾ ಕಿರಣ ನಮ್ಮ ಗಾಳಿಯನ್ನು ದಾಟಿ ಕೆಳಗೆ ಬರುವುದಿಲ್ಲ, ಮೇಲೆ ಸುತ್ತುವ ಉಪಗ್ರಹಗಳು ಹಿಡಿದು ಹೇಳುತ್ತವೆ. ಈ ಸ್ಫೋಟಗಳೆಲ್ಲ ಒಂದೇ ಪ್ರಖರತೆಯವಲ್ಲ. ಆದರೆ ಅವುಗಳ ಬೆಳಕಿನ ಬಣ್ಣ ತೀಕ್ಷ್ಣವಾದಷ್ಟೂ ಹೊರಚೆಲ್ಲಿದ ಶಕ್ತಿ ಹೆಚ್ಚಿರುತ್ತದೆ. ಬಣ್ಣ ನೋಡಿ ಶಕ್ತಿ, ಶಕ್ತಿಯಿಂದ ದೂರ. ನನ್ನ ಕೆಲಸ ಇಷ್ಟೇ.

ಪಿಎಚ್‌ಡಿಗೆಂದು ನಾಲ್ಕು ವರ್ಷ ಇದನ್ನೇ ಮಾಡಿದ ಮೇಲೆ ಒಂದು ಶುಕ್ರವಾರ ನನ್ನ ನಕ್ಷೆ ಸಿದ್ಧವಾಯಿತು. ಹಿರಿಯರ ಕಪ್ಪು ಗೆರೆಯ ಮೇಲೆ ನನ್ನ ಸ್ಫೋಟಗಳ ಕೆಂಪು ಚುಕ್ಕೆಗಳು ನೂಲು ಹಿಡಿದು ಕೂರಿಸಿದ ಹಾಗೆ ಕುಳಿತಿದ್ದವು. ಮುಂದಿನ ಗುರುವಾರ ಮಡಗಾಂವ್‌ನಲ್ಲಿ ಖಗೋಳ ವಿಜ್ಞಾನಿಗಳ ಒಂದು ಸಭೆ. ನನ್ನ ಕೆಲಸವನ್ನು ನನ್ನ ಹೆಸರಿನಲ್ಲಿ ಮೊದಲ ಸಲ ಹೊರಗಿನವರ ಮುಂದೆ ಹೇಳುವುದಿತ್ತು. ದೊಡ್ಡ ದೂರದರ್ಶಕದ ತಂಡದಿಂದ ಬರುವ ಒಬ್ಬರು ಅಲ್ಲಿ ಮಾತು ಕೇಳಿ, ತಮ್ಮ ಜೊತೆ ಕೆಲಸಕ್ಕೆ ಒಬ್ಬರನ್ನು ಆರಿಸಿಕೊಳ್ಳುತ್ತಾರೆ ಎಂದೂ ಗೊತ್ತಿತ್ತು. ಆ ಒಬ್ಬಳು ನಾನೇ ಎಂದು ನನಗೆ ಅನುಮಾನವಿರಲಿಲ್ಲ. ನನ್ನ ಗೈಡ್ ಮೇಡಂ ಮಡಗಾಂವ್‌ನವರೇ, ಮಿತಭಾಷಿ. ಅವರೂ ನಕ್ಷೆ ನೋಡಿ ಕೊಂಕಣಿಯಲ್ಲಿ ಬರೋ ಆಸಾ, ಚೆನ್ನಾಗಿದೆ, ಎಂದರು. ನಾಲ್ಕು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೇ ಮೊದಲು.

ಭಾನುವಾರ ವಾಸ್ಕೋಗೆ ಹೋದೆ. ಊಟವಾದ ಮೇಲೆ ಅಪ್ಪನ ಪಕ್ಕ ಲ್ಯಾಪ್‌ಟಾಪು ಇಟ್ಟುಕೊಂಡು ಕುಳಿತು ಎಲ್ಲವನ್ನೂ ಬಂದರಿನ ಮಾತಿನಲ್ಲೇ ಹೇಳಿದೆ. ಹಡಗು ಮುಳುಗಿದ್ದನ್ನು ನೋಡಿ ಭಾರ ಹೇಳುವ ಹಾಗೆ ನಾವು ಬೆಳಕು ಮಂಕಾದದ್ದನ್ನು ನೋಡಿ ದೂರ ಹೇಳುತ್ತೇವೆ ಎಂದೆ. ಅವನಿಗೆ ಅರ್ಥವಾಗಲು ನಾನು ಪಾಠ ಹೇಳುವ ಕಿರಿಯರಿಗಿಂತ ಕಡಿಮೆ ಹೊತ್ತು ಹಿಡಿಯಿತು. ಅವ್ವ ಒಳಗಿನಿಂದ, ಇಷ್ಟು ದೂರ ನೋಡುವವಳಿಗೆ ಹಿತ್ತಲಲ್ಲಿ ಒಣಗಿದ ಬಟ್ಟೆ ಮಾತ್ರ ಕಾಣುವುದಿಲ್ಲ ಎಂದಳು. ಅಪ್ಪ ನಕ್ಷೆಯನ್ನು ಬಹಳ ಹೊತ್ತು ನೋಡಿದ.

“ಈ ಕರಿ ಗೆರಿ ಮೊದಲಿನವರದು. ಕೆಂಪು ಚುಕ್ಕಿ ನಿಂದು. ಹೌದಲ್ಲ?”

“ಹೌದು ಅಪ್ಪಾ.”

“ಭಾಳ ಚಂದ ಕುಂತಾವ. ನೀ ಅಳಿಯೂ ಮೊದಲ ಅವರ ಅಂಕಿ ನಿನಗ ಗೊತ್ತಿತ್ತೇನವಾ?”

ಗೊತ್ತಿರದೆ ಹೇಗೆ, ಅದು ಎಲ್ಲ ಪುಸ್ತಕಗಳಲ್ಲೂ ಇದೆ ಎಂದೆ.

“ಗೊತ್ತಿರೂದು ಬ್ಯಾರೆ. ನಿನ್ನ ಮುಷ್ಟಿಯೊಳಗ ಹೋಗಿತ್ತೇನು ಅಂತ ಕೇಳಾಕತ್ತೇನಿ.”

ನನಗೆ ಸಿಟ್ಟು ಬಂತು. ಇದು ನಮ್ಮ ವಿಷಯದ ಹಳೆಯ ಕಾಯಿಲೆ. ಈ ಸ್ಫೋಟಗಳು ನಮ್ಮ ಹತ್ತಿರದಲ್ಲಿ ಆಗುವುದು ತೀರಾ ಅಪರೂಪ. ಆದ್ದರಿಂದ ಬಣ್ಣಕ್ಕೂ ಶಕ್ತಿಗೂ ಇರುವ ನಂಟನ್ನು ಕಂಡುಹಿಡಿಯಲು ದೂರ ಮೊದಲೇ ಗೊತ್ತಿರಬೇಕಾಗುತ್ತದೆ. ದೂರ ಬೇಕೆಂದರೆ ವಿಶ್ವ ಎಷ್ಟು ಹಿಗ್ಗಿದೆ ಎಂದು ಊಹಿಸಬೇಕು. ಯಾವುದನ್ನು ಅಳೆಯಬೇಕೋ ಅದನ್ನೇ ಮುಂಚೆ ಒಪ್ಪಿಕೊಂಡು ಹೊರಟ ಹಾಗಾಗುತ್ತದೆ. ಇದು ನನಗೆ ತಿಳಿಯದ್ದಲ್ಲ. ಕಿರಿಯರಿಗೆ ಇದರ ಮೇಲೆ ಪಾಠ ಮಾಡಿದವಳು ನಾನು. ನಂಟನ್ನೂ ಹಿಗ್ಗನ್ನೂ ಒಟ್ಟಿಗೇ ಕಂಡುಹಿಡಿಯುವಂತೆ ಲೆಕ್ಕ ಬರೆದಿದ್ದೆ. ಎಲ್ಲ ನೋಡಿಕೊಂಡಿದ್ದೇನೆ ಎಂದು ಅಪ್ಪನಿಗೆ ಖಾರವಾಗಿಯೇ ಹೇಳಿದೆ.

ಅಪ್ಪ ವಾದ ಮಾಡಲಿಲ್ಲ. ಲಾಂಚು ಬಿಟ್ಟ ಕತೆ ಹೇಳಿದ. ಅದನ್ನು ಅವನು ಅವ್ವನಿಗೂ ಹೇಳಿರಲಿಲ್ಲ. ಆ ದಿನ ಗಾಳಿ ಜೋರು, ಅಲೆ ಹಡಗಿನ ಮೈಗೆ ಬಡಿಯುತ್ತಿತ್ತು. ಸರ್ವೇಯರ್ ಸಾಹೇಬರಿಗೆ ಮೈ ನೆಟ್ಟಗಿರಲಿಲ್ಲ. ಬೇಗ ಮುಗಿಸುವ ಆತುರದಲ್ಲಿ ಅವರು ಮುಷ್ಟಿ ಮುಚ್ಚುವ ಬದಲು ತಮಗೆ ಕಂಡ ಅಂಕಿಯನ್ನು ಬಾಯಿಬಿಟ್ಟು ಹೇಳಿಬಿಟ್ಟರು. ಆಮೇಲೆ ಅಪ್ಪ ನೋಡಿದ. ಅವನಿಗೂ ಅದೇ ಅಂಕಿ ಕಂಡಿತು. ಎರಡೂ ಕೂಡಿದವು, ಕಾಗದಕ್ಕೆ ಇಳಿಯಿತು. ಹಡಗು ನಿಜಕ್ಕೂ ಅದಕ್ಕಿಂತ ಒಂದು ಅಂಕಿ ಹೆಚ್ಚು ಮುಳುಗಿತ್ತು. ಇಳಿತದ ಹೊತ್ತಿನಲ್ಲಿ ಹೊರಗೆ ಹೋಗುವಾಗ ಅದರ ತಳ ಕೆಸರಿಗೆ ಹತ್ತಿ ನಿಂತಿತು. ಯಾರಿಗೂ ಪೆಟ್ಟಾಗಲಿಲ್ಲ, ಮುಂದಿನ ಭರತಕ್ಕೆ ಹಡಗು ಬಿಡಿಸಿಕೊಂಡು ಹೋಯಿತು. ಅಪ್ಪನನ್ನು ಯಾರೂ ಕೆಲಸದಿಂದ ತೆಗೆಯಲಿಲ್ಲ. ಅವನೇ ಹೋಗಿ ಸಲಿಕೆ ಕೊಡಿ ಎಂದು ಕೇಳಿದ್ದ.

“ಸಾಹೇಬ್ರು ಸುಳ್ಳು ಹೇಳ್ಲಿಲ್ಲ, ನಾನೂ ಹೇಳ್ಲಿಲ್ಲ,” ಎಂದ. “ನನಗ ಖರೇನ ಅದs ಅಂಕಿ ಕಾಣಿಸ್ತು. ಆದ್ರ ನನ್ನ ಕಣ್ಣು ನೋಡಿರ್ಲಿಲ್ಲವಾ. ನನ್ನ ಕಿವಿ ನೋಡಿತ್ತು.”

ಅವ್ವ ಅಡುಗೆಮನೆಯ ಬಾಗಿಲಿಗೆ ಬಂದು ನಿಂತಿದ್ದಳು. ಅವಳ ಕೈಯಲ್ಲಿ ಹಿಟ್ಟು ಹಾಗೇ ಒಣಗುತ್ತಿತ್ತು. ಕನ್ನಡಕದ ಮಾತು ಅವಳೂ ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಅಪ್ಪನ ಮೇಲೆ ಕರುಣೆ ಬಂತು, ಜೊತೆಗೆ ಸಿಟ್ಟೂ ಉಳಿದಿತ್ತು. ನನ್ನ ಲೆಕ್ಕ ಕೆಸರಿಗೆ ಹತ್ತುವಂಥದ್ದಲ್ಲ ಎಂದು ತೋರಿಸಿಯೇ ತೀರುತ್ತೇನೆ ಎಂದು ಅಲ್ಲೇ, ಸಂಜೆಯ ಚಹಾದ ಹೊತ್ತಿಗೆ ಲೆಕ್ಕವನ್ನು ಮೊದಲಿನಿಂದ ಬಿಚ್ಚತೊಡಗಿದೆ. ಸಾಲು ಸಾಲಾಗಿ ನೋಡಿದೆ. ನಾನು ಬರೆದದ್ದರಲ್ಲಿ ತಪ್ಪಿರಲಿಲ್ಲ. ಅದನ್ನು ಈಗಲೂ ಎದೆ ತಟ್ಟಿ ಹೇಳುತ್ತೇನೆ. ಆದರೆ ಲೆಕ್ಕಕ್ಕೆ ನಾನು ಉಣಿಸಿದ ಪಟ್ಟಿ ನನ್ನದಾಗಿರಲಿಲ್ಲ. ಎಷ್ಟೋ ವರ್ಷಗಳಿಂದ ಎಲ್ಲರೂ ಬಳಸುವ, ಕೈಯಿಂದ ಕೈಗೆ ಬಂದ ಪಟ್ಟಿ. ಅದರಲ್ಲಿ ಪ್ರತಿ ಸ್ಫೋಟಕ್ಕೂ ಬಣ್ಣ, ಹಿಗ್ಗು, ಶಕ್ತಿ ಎಂದು ಕಾಲಂಗಳಿವೆ. ಬಣ್ಣ ಮತ್ತು ಹಿಗ್ಗು ನೇರವಾಗಿ ಅಳೆದಂಥವು. ಶಕ್ತಿಯನ್ನು ಯಾರೂ ಅಳೆಯಲಾರರು. ನಮಗೆ ಬಂದು ಮುಟ್ಟಿದ ಬೆಳಕನ್ನು ದೂರದಿಂದ ಗುಣಿಸಿಯೇ ಅದನ್ನು ಬರೆಯಬೇಕು. ಯಾವ ದೂರದಿಂದ ಗುಣಿಸಿದ್ದಾರೆ ಎಂದು ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಇತ್ತು. ಹಿರಿಯರ ಕಪ್ಪು ಗೆರೆಯ ದೂರದಿಂದ. ನಾನು ಆ ಕಾಲಂ ಅನ್ನು ಹಾಗೇ ಎತ್ತಿಕೊಂಡಿದ್ದೆ.

ಕಪ್ಪು ಗೆರೆ ನನ್ನ ಮುಷ್ಟಿಯೊಳಗೆ ಮೊದಲೇ ಕೂತಿತ್ತು. ಕೆಂಪು ಚುಕ್ಕೆಗಳು ಅದರ ಮೇಲೆ ಚಂದವಾಗಿ ಕೂರದೆ ಇನ್ನೇನು ಮಾಡಬೇಕಿತ್ತು. ನನಗೆ ಅಳು ಬಂತು, ಅತ್ತೆ. ನಾಲ್ಕು ವರ್ಷಕ್ಕೆ ಅತ್ತೆನೋ ಗುರುವಾರಕ್ಕೆ ಅತ್ತೆನೋ ಗೊತ್ತಿಲ್ಲ. ಅಪ್ಪ ಚಹಾದ ಲೋಟ ಹತ್ತಿರ ಸರಿಸಿ, ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತ.

ಸೋಮವಾರ ಗೈಡ್ ಮೇಡಂಗೆ ಹೇಳಿದೆ. ಮೊದಲು ಅವರು ನಂಬಲಿಲ್ಲ, ಆಮೇಲೆ ಪಟ್ಟಿಯ ಅಡಿಯ ಸಣ್ಣ ಅಕ್ಷರ ಓದಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ತಾವೂ ನೋಡಬೇಕಿತ್ತು, ನೋಡಲಿಲ್ಲ ಎಂದರು. ಸಭೆಯಲ್ಲಿ ಹಳೆಯ ನಕ್ಷೆಯನ್ನೇ ತೋರಿಸಿ ಆಮೇಲೆ ನಿಧಾನವಾಗಿ ಸರಿಮಾಡುವ ದಾರಿಯೂ ಇದೆ, ಅಲ್ಲಿ ಯಾರೂ ಆ ಕಾಲಂ ಬಗ್ಗೆ ಕೇಳಲಾರರು ಎಂದೂ ಹೇಳಿದರು. ಹೇಳಿ ನನ್ನ ಮುಖ ನೋಡಿದರು. ನಾನು, ಕೇಳುವವರು ಒಬ್ಬರು ವಾಸ್ಕೋದಲ್ಲಿದ್ದಾರೆ ಎಂದೆ. ಅವರು ಮೂರು ದಿನ ತಮ್ಮ ಬೇರೆ ಕೆಲಸವೆಲ್ಲ ಬದಿಗಿಟ್ಟು ನನ್ನ ಜೊತೆ ಕುಳಿತರು.

ಶಕ್ತಿಯ ಕಾಲಂ ಅನ್ನು ಕಿತ್ತುಹಾಕಿದೆವು. ಉಪಗ್ರಹಕ್ಕೆ ಬಂದು ಮುಟ್ಟಿದ ಬೆಳಕು ಎಷ್ಟೋ ಅಷ್ಟನ್ನು ಮಾತ್ರ ಇಟ್ಟುಕೊಂಡೆವು. ಲೆಕ್ಕವನ್ನು ಮತ್ತೆ ಓಡಿಸಿದಾಗ ಕೊನೆಯ ಉತ್ತರ ನಮಗೆ ಕಾಣದಂತೆ ಮುಚ್ಚಿಟ್ಟೆ. ಹೀಗೆ ಮುಚ್ಚಿಡುವ ಪದ್ಧತಿ ನಮ್ಮವರಲ್ಲಿ ಹಲವರಿಗೆ ಇದೆ. ನಾನೂ ಅದನ್ನು ಪುಸ್ತಕದಲ್ಲಿ ಓದಿದ್ದೆ. ಓದುವುದಕ್ಕೂ ಮೊದಲೇ ಅದಕ್ಕಾಗಿ ಪಾತ್ರೆ ತಿಕ್ಕಿದ್ದೆ ಎನ್ನುವುದು ಮಾತ್ರ ನೆನಪಿರಲಿಲ್ಲ. ಎಲ್ಲ ಪರೀಕ್ಷೆಯೂ ಮುಗಿದ ಮೇಲೆ ಬುಧವಾರ ಮಧ್ಯಾಹ್ನ ತೆರೆದೆವು.

ಚುಕ್ಕೆಗಳು ಚೆದುರಿದ್ದವು. ನನ್ನ ಗೆರೆ ಗೆರೆಯಾಗಿಯೇ ಇರಲಿಲ್ಲ, ಅಗಲವಾದ ಒಂದು ಪಟ್ಟೆಯಾಗಿತ್ತು. ಹಿರಿಯರ ಕಪ್ಪು ಗೆರೆ ಅದರೊಳಗೆ ಒಂದು ಬದಿಗೆ ಎಲ್ಲೋ ಹಾದುಹೋಗುತ್ತಿತ್ತು. ಇನ್ನೂ ನೂರಾರು ಸ್ಫೋಟಗಳು ಸಿಗದೆ ಈ ಪಟ್ಟೆ ಸಣ್ಣದಾಗುವುದಿಲ್ಲ ಎಂದು ಇಬ್ಬರಿಗೂ ಗೊತ್ತಾಯಿತು. ಮೇಡಂ ಈ ಸಲ ಬರೋ ಆಸಾ ಎನ್ನಲಿಲ್ಲ. ಇದು ನಿನ್ನದು ಎಂದರು.

ಗುರುವಾರ ಮಡಗಾಂವ್‌ನ ಸಭೆಯಲ್ಲಿ ಎರಡೂ ನಕ್ಷೆಗಳನ್ನು ತೋರಿಸಿದೆ. ಮೊದಲನೆಯದು ಚಂದವಾಗಿದೆ, ಆದರೆ ತಪ್ಪು, ತಪ್ಪು ನನ್ನದು ಎಂದೆ. ಹಿಂದಿನ ಸಾಲಿನಲ್ಲಿ ಇಬ್ಬರು ತಮ್ಮ ಲ್ಯಾಪ್‌ಟಾಪು ತೆರೆದು ಏನನ್ನೋ ಹುಡುಕತೊಡಗಿದರು, ತಮ್ಮ ಪಟ್ಟಿಯನ್ನೇ ಇರಬೇಕು. ದೂರದರ್ಶಕದ ತಂಡದವರು ನನ್ನ ಕೈಕುಲುಕಿ ಒಳ್ಳೆಯ ಮಾತು ಹೇಳಿ, ಕೆಲಸವನ್ನು ಬೇರೊಬ್ಬರಿಗೆ ಕೊಟ್ಟರು. ಬೇಸರವಾಯಿತು. ಈಗಲೂ ಒಮ್ಮೊಮ್ಮೆ ಆಗುತ್ತದೆ. ಆದರೆ ಆ ಪಟ್ಟೆಯ ಮೇಲೆ ಯಾರಾದರೂ ಬೆರಳಿಟ್ಟು ಕೇಳಿದರೆ ಉತ್ತರ ಕೊಡಲು ನನಗೆ ಯಾವ ಅಳುಕೂ ಇಲ್ಲ.

ಮುಂದಿನ ಭಾನುವಾರ ಅಪ್ಪನನ್ನು ಕರೆದುಕೊಂಡು ಜುವಾರಿ ನದಿಯ ದಡಕ್ಕೆ ಹೋದೆ. ಬೆಳಗಿನ ಹೊತ್ತು, ನೀರು ಏರುತ್ತಿತ್ತು. ಅದಿರು ಸಾಗಿಸುವ ಅಗಲ ದೋಣಿ, ಬಾರ್ಜೊಂದನ್ನು ದಡಕ್ಕೆ ಹತ್ತಿರವೇ ಕಟ್ಟಿದ್ದರು, ಅದರ ಮೂತಿಯ ಮೇಲೆ ಬಿಳಿ ಅಂಕಿಗಳು ಕಾಣುತ್ತಿದ್ದವು. ಲ್ಯಾಪ್‌ಟಾಪು ತೆಗೆದು ಹೊಸ ನಕ್ಷೆ ತೋರಿಸಿದೆ. ಕೆಲಸ ಸಿಗಲಿಲ್ಲ ಎಂದೂ ಹೇಳಿದೆ. ಅಪ್ಪ ಚೆದುರಿದ ಚುಕ್ಕೆಗಳನ್ನು ಒಂದೊಂದಾಗಿ ನೋಡಿದ. ಹಿರಿಯರ ಗೆರೆ ಎಲ್ಲಿದೆ ಎಂದು ಕೇಳಿದ, ತೋರಿಸಿದೆ. ನಿನ್ನದು ಅದಕ್ಕೆ ಸರಿಯಾಗಿ ಕೂಡಿಲ್ಲವಲ್ಲ ಎಂದ. ಕೂಡಿಲ್ಲ, ಈ ಸಲ ಮುಷ್ಟಿ ಮುಚ್ಚಿಯೇ ನೋಡಿದ್ದೇನೆ ಎಂದೆ. ಅವನು ಲ್ಯಾಪ್‌ಟಾಪನ್ನು ನನ್ನ ತೊಡೆಯ ಮೇಲೆ ಇಟ್ಟು ಬಾರ್ಜಿನ ಕಡೆ ತಿರುಗಿದ.

ಆಮೇಲೆ ಕೈ ಚಾಚಿದ. “ಪೆನ್ನು ಕೊಡು.”

ನಾನು ಚೀಲದಿಂದ ಎರಡು ಪೆನ್ನು ತೆಗೆದೆ. ಅಪ್ಪ ದಡದ ಅಂಚಿಗೆ ಹೋಗಿ ಕುಕ್ಕರುಗಾಲಿನಲ್ಲಿ ಕುಳಿತು ಬಾರ್ಜಿನ ಅಂಕಿಗಳನ್ನು ದಿಟ್ಟಿಸಿದ. ಅಲೆ ಏರಿತು, ಇಳಿಯಿತು. ಅವನ ತಲೆ ಅದರ ಜೊತೆ ತುಸು ತುಸುವೇ ಆಡುತ್ತಿತ್ತು. ಇಷ್ಟು ವರ್ಷವಾದ ಮೇಲೂ ಆ ತಲೆಯಾಟ ಹಾಗೇ ಇತ್ತು. ನಾನು ಅವನ ಕಡೆ ಬೆನ್ನು ಮಾಡಿ ನನ್ನಷ್ಟಕ್ಕೆ ನೋಡಿದೆ, ಬರೆದೆ, ಮುಷ್ಟಿ ಮುಚ್ಚಿದೆ. ಅವನದು ಮುಗಿಯಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು.

ಒಟ್ಟಿಗೇ ತೆರೆದೆವು. ಅವನ ಅಂಗೈಯಲ್ಲಿ ಎರಡು ಮೀಟರ್ ನಲವತ್ತು. ನನ್ನದರಲ್ಲಿ ಎರಡು ಮೀಟರ್ ಐವತ್ತು.

ನಾನು ಅವನ ಮುಖ ನೋಡಿದೆ. ಅಪ್ಪ ಎರಡು ಅಂಗೈಗಳನ್ನೂ ಪಕ್ಕಪಕ್ಕ ಹಿಡಿದು ನೋಡಿದ. ಹೈಸ್ಕೂಲಿನ ಆ ಮಳೆಗಾಲದ ಈಚೆಗೆ ನಾನು ಕಂಡಿರದ ನಗು ಅವನ ಮುಖದಲ್ಲಿತ್ತು.

“ಚಲೋ ಆತು,” ಎಂದ. “ಇಬ್ರೂ ನೋಡೇವಿ.”

ಹಾಗೆಂದು ಅಂಗೈಯನ್ನು ಅಂಗಿಗೆ ಒರೆಸಿಕೊಂಡು, ಇನ್ನೊಮ್ಮೆ ನೋಡಲು ನೀರಿನ ಕಡೆ ತಿರುಗಿದ.